ನೆನಪು ಒರೆಸದ ವಿಮಾನ

ಫಿರಂಗಿ ದಳದವರು ಗುರಿ ಅಭ್ಯಾಸಕ್ಕೆಂದು ಹೊಡೆದರೂ ಬೀಳದೆ ವಾಪಸ್ ಬಂದ ವಿಮಾನದ ಹರಿದ ಬಟ್ಟೆ ಹೊಲಿದು, ಕಿತ್ತಳೆ ಬಣ್ಣ ಬಳಿದು, ಕೊನೆಗೆ ಅದರ ನೆನಪು ಒರೆಸಬೇಕು. ಷೆಡ್ಡಿನಲ್ಲಿ ಹನುಮಕ್ಕನ ಕೆಲಸ ಅದೇ. ಒರೆಸದಿದ್ದರೆ ಮಾರನೆಯ ದಿನ ಅದು ಹೆದರಿ ಮೇಲೇಳುವುದಿಲ್ಲ. ಪೈಲಟ್ ಇಲ್ಲದ ವಿಮಾನವನ್ನು ಗದರಿಸಿ ಹಾರಿಸುವುದಾದರೂ ಹೇಗೆ?

ನಿನ್ನೆ ಬಂದ ವಿಮಾನದ ರೆಕ್ಕೆ ತುಂಬ ಹರಿದಿತ್ತು. ಹೊಲಿಯುವ ಭರದಲ್ಲಿ ಹನುಮಕ್ಕ ಒರೆಸುವುದನ್ನೇ ಮರೆತಳು.

ಬೆಳಿಗ್ಗೆ ಹಾರಿಸುವ ಹಳಿಯ ಮೇಲೆ ಕೂರಿಸಿದಾಗ ವಿಮಾನದ ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ರೆಕ್ಕೆಗಳು ಸಣ್ಣಗೆ ನಡುಗುತ್ತಿದ್ದವು. ದೂರದ ಹುಲ್ಲುಗಾವಲಿನಲ್ಲಿ ಫಿರಂಗಿ ದಳದವರು ಕಾಯುತ್ತಿದ್ದರು.

"ಏನಾಯ್ತಮ್ಮ ಇದಕ್ಕೆ?" ಎಂದರು ಸುಬೇದಾರ್ ಕರುಂಬಯ್ಯ.

"ಒರ್ಸಿಲ್ಲ ಸಾರ್. ಮರ್ತುಬಿಟ್ಟೆ."

"ಈಗ ಒರೆಸಿ ಮತ್ತೆ."

ವಿಮಾನದ ಹೊಟ್ಟೆಯಡಿ ಇದ್ದ, ನೆನಪು ಒರೆಸುವ ಸ್ವಿಚ್ಚಿಗೆ ಅವಳು ಕೈ ಚಾಚಿದಳು. ನಿನ್ನೆ ರೆಕ್ಕೆಗೆ ಹಾಕಿದ ಹೊಲಿಗೆಗೆ ಅಂಗೈ ತಾಗಿತು. ಕೂಡಲೇ ನಡುಕ ನಿಂತಿತು. ಎಂಜಿನ್ ತಾನಾಗಿಯೇ ಶುರುವಾಗಿ ಹದವಾಗಿ ಗುನುಗತೊಡಗಿತು. ಅದಕ್ಕೆ ಗುಂಡುಗಳಷ್ಟೇ ಅಲ್ಲ, ಹೊಲಿದ ಕೈಯೂ ನೆನಪಿತ್ತು.

ಕರುಂಬಯ್ಯನವರ ಮುಖ ಅರಳಿತು. "ಒರೆಸೋದೇ ಬೇಡ ಬಿಡಿ. ನೀವು ಹೀಗೆ ಕೈ ಇಟ್ಟರೆ ಸಾಕು, ಹೋಗುತ್ತೆ. ಇನ್ಮುಂದೆ ಎಲ್ಲದಕ್ಕೂ ಹೀಗೇ ಮಾಡೋಣ."

ಹನುಮಕ್ಕ ಅವರತ್ತ ನೋಡಲಿಲ್ಲ. ರೆಕ್ಕೆಯನ್ನು ಒಮ್ಮೆ ಸವರಿ, ಸ್ವಿಚ್ಚು ಒತ್ತಿ ಹಿಡಿದಳು.

"ಬ್ಯಾಡ ಸಾರ್," ಎಂದಳು. "ಏನೂ ಗೊತ್ತಿಲ್ದೆ ಹೋಗ್ಲಿ. ನನ್ನ ನಂಬ್ಕಂಡು ಹೋಗಾದು ಬ್ಯಾಡ."