ಕಾವಲಿಗೆ ಕಂಬಳಿ

ಸೊಸೆ ಹುಯ್ದ ದೋಸೆ ಒಂದೂ ಏಳುತ್ತಿರಲಿಲ್ಲ.

"ನಿನ್ನ ಕೈ ಸರಿಯಿಲ್ಲ. ಕಾವಲಿ ನನ್ನ ತವರಿಂದು ಕಣೇ!" ಎಂದರು ಅತ್ತೆ.

ಆ ಬೀಡುಕಬ್ಬಿಣದ ಕಾವಲಿಗೆ ಬೆರಳುದಪ್ಪ ಕಿಟ್ಟ ಕಟ್ಟಿತ್ತು. ತಪ್ಪು ಕೈಯದಲ್ಲ ಎಂದು ತೋರಿಸಲೇಬೇಕೆಂದು ಸೊಸೆ ಅದನ್ನು ಕಾಸ್ಟಿಕ್ ಸೋಡಾ ನೀರಿನ ಟಬ್ಬಿನಲ್ಲಿ ಮುಳುಗಿಸಿಟ್ಟಳು. ಮಾಗಿಯ ಚಳಿ, ನೀರು ತಣ್ಣಗಾದರೆ ಸೋಡಾ ಕೆಲಸ ಮಾಡದು. ಟಬ್ಬಿನ ಸುತ್ತ ಬಿಸಿನೀರಿನ ಬಾಟಲಿ ಜೋಡಿಸಿ, ಗಂಡ ಹೊದ್ದಿದ್ದ ಕಂಬಳಿಯನ್ನೇ ಎಳೆದು ತಂದು ಹೊದಿಸಿದಳು.

"ನಂಗೆ ಚಳಿ ಕಣೇ!"

"ನಿಮಗೆ ನಾನಿದೀನಿ. ಅದಕ್ಕೆ ಯಾರಿದಾರೆ?"

ಬೆಳಿಗ್ಗೆ ನೋಡಿದರೆ ಕಂಬಳಿ ನೆಲದ ಮೇಲೆ, ನೀರು ಕೊರೆಯುವಷ್ಟು ತಣ್ಣಗೆ. ಮರುದಿನವೂ ಅದೇ ಕತೆ.

"ಬೆಕ್ಕಿರ್ಬೇಕು. ಬಿಟ್ಬಿಡಮ್ಮ, ಚಳಿಗಾಲ ಕಳೀಲಿ" ಎಂದರು ಅತ್ತೆ.

ಪಕ್ಕದ ಮನೆಯ ಅಂಬುಜಾಕ್ಷಮ್ಮ ಬಿಡಲಿಲ್ಲ. "ನಮ್ಮ ಹಂಡೇಲಿ ಬಿಸಿನೀರಿದೆ, ಬಾಟಲಿ ತುಂಬ್ಕೊಡ್ತೀನಿ. ಕಾವಲಿಗೂ ನಾನೇ ಕೂರ್ತೀನಿ. ಆ ಬೆಕ್ಕು ಹೇಗೆ ಬರುತ್ತೋ ನೋಡೇಬಿಡೋಣ!" ಎಂದು ಟಬ್ಬಿನ ಪಕ್ಕ ಕುರ್ಚಿ ಹಾಕಿ ಕೂತೇಬಿಟ್ಟರು.

ಸಂಜೆ ಸೊಸೆ ಕಾವಲಿಯನ್ನು ಇಕ್ಕಳದಲ್ಲಿ ಎತ್ತಿ ತೊಳೆದಳು. ಕಿಟ್ಟ ಹಪ್ಪಳದಂತೆ ಕಳಚಿ ಬಿತ್ತು. ಅವಳು ಅಂಗಳದಲ್ಲೇ ಕುಣಿದಾಡಿದಳು.

"ಅತ್ತೇ, ಹಿಂದೆ ಹೆಸರು ಬೇರೆ ಕೆತ್ತಿದಾರೆ! ನಿಮ್ಮ ಮದುವೇಲಿ ಹಾಕಿಸಿದ್ದಾ?"

ಅಂಬುಜಾಕ್ಷಮ್ಮ ಕನ್ನಡಕ ಏರಿಸಿ, ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು: "ಚಿ.ಸೌ. ಅಂಬುಜಾಕ್ಷಿ."

ಅತ್ತೆ ಮೆಲ್ಲಗೆ ಟಬ್ಬಿನ ಮೇಲಿದ್ದ ಕಂಬಳಿ ಎತ್ತಿಕೊಂಡು, ತಲೆ ತುಂಬ ಹೊದ್ದುಕೊಂಡರು.