ಇವತ್ತೇ ಸರೋವರಕ್ಕೆ

ಊರಿಗೆ ಮರಳಲು ವಿಮಾನ ಸಿಕ್ಕಿದ್ದು ಮಾರನೆಯ ದಿನಕ್ಕೆ. ಅಪ್ಪ ತೀರಿಕೊಂಡ ಸುದ್ದಿ ಅಲ್ಲಿಯವರೆಗೆ ಅಮ್ಮನ ಕಿವಿಗೆ ಬೀಳಬಾರದೆಂದು ಅಣ್ಣ ಫೋನಿನಲ್ಲಿ ಅಳುತ್ತಲೇ ಹೇಳಿದ್ದ. ಮಗಳನ್ನು ನೋಡಲು ಮಿಲಾನಿಗೆ ಬಂದಿದ್ದ ಅಮ್ಮನಿಗೆ ಊರಿನ ನೆಂಟರು ಯಾವ ಗಳಿಗೆಯಲ್ಲಾದರೂ ಫೋನು ಮಾಡಬಹುದಿತ್ತು. ವಾರಿಜಾಗೆ ಹೊಳೆದದ್ದು ಒಂದೇ ಉಪಾಯ.

"ಅಮ್ಮಾ, ಇವತ್ತು ಕೋಮೊ ಸರೋವರಕ್ಕೆ ಹೋಗೋಣ. ರೈಲಲ್ಲಿ ಹೋಗಿ, ಅಲ್ಲಿಂದ ದೋಣಿ ಹತ್ತೋದು."

ತಲೆಗೆ ಟವೆಲ್ ಸುತ್ತಿಕೊಂಡು ಹೀಟರ್ ಪಕ್ಕ ಕೂತಿದ್ದ ಅಮ್ಮ ಕಿಟಕಿಯಾಚೆಯ ಮಂಜನ್ನು ನೋಡಿದಳು. "ಈ ಚಳೀಲಿ ದೋಣಿ ಬಿಡ್ತಾರೇನೇ?"

"ಒಂದೆರಡು ಬಿಡ್ತಾರಮ್ಮ. ಚಪಾತಿ ಕಟ್ಕೋತೀನಿ. ನಿನ್ನ ಫೋನು ಇಲ್ಲೇ ಇರಲಿ, ನೀರಿಗೆ ಬಿದ್ದುಬಿಟ್ಟೀತು."

"ಇನ್ನೊಂದಿನ ಹೋದ್ರಾಯ್ತಲ್ಲ."

"ಇಲ್ಲ, ಇವತ್ತೇ! ದಮ್ಮಯ್ಯ ಅಂತೀನಿ, ಏಳಮ್ಮ." ದನಿ ಒಡೆದದ್ದು ತಿಳಿಯದಿರಲೆಂದು ವಾರಿಜಾ ಬೆನ್ನು ತಿರುಗಿಸಿ ಅಮ್ಮನ ಸ್ವೆಟರ್ ಕೊಡವತೊಡಗಿದಳು.

ಅಮ್ಮ ಎದ್ದು ಬಂದು ಅದನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. ಟವೆಲ್ ಜಾರಿ, ಒದ್ದೆ ಕೂದಲು ಬೆನ್ನ ಮೇಲೆ ಬಿತ್ತು.

"ಸುದ್ದಿ ಕೇಳಿದ ಮೇಲೆ ಹಾಗೇ ಇರಬಾರದು ಮಗಳೇ. ನಂದು ಸ್ನಾನ ಆಯ್ತು, ನೀನೂ ತಲೆ ಮೇಲೆ ನೀರು ಹಾಕ್ಕೊಂಡು ಬಾ."