ಮೇಲಿನ ಕಂಬಿ

"ಬಾಲ್ಕನಿಯಲ್ಲಿ ಕಂಬಿ ಎಲ್ಲಿರಬೇಕು? ಹೇಳ್ರಯ್ಯಾ, ಗೊಂಬೆ ಬರೆಯೋ ಮಹಾನುಭಾವರೇ!"

ಅಂಜನಮೂರ್ತಿ ಮೇಷ್ಟ್ರು ಹೀಗೆ ಗದರಿದ್ದು ತುಮಕೂರಿನ ಕ್ಲಾಸ್‌ರೂಮಿನಲ್ಲಲ್ಲ, ಗುಬ್ಬಿಯಲ್ಲಿ ತಾವು ಕಟ್ಟಿಸುತ್ತಿದ್ದ ಮನೆಯ ಮೇಲೆ. ಅವತ್ತು ಮೋಲ್ಡ್ ಹಾಕುವ, ಅಂದರೆ ಹಾಸಿಗೆ ಕಾಂಕ್ರೀಟು ಸುರಿಯುವ ದಿನ. ಆರ್ಕಿಟೆಕ್ಚರ್ ಓದುವವರಿಗೆ ಹದಿನೆಂಟು ವರ್ಷ ಸ್ಟ್ರಕ್ಚರ್ಸ್ ಕಲಿಸಿ ಮೇಷ್ಟ್ರಲ್ಲಿ ಉಳಿದಿದ್ದದ್ದು ಅವರ ಬಗ್ಗೆ ಬರೀ ತಾತ್ಸಾರ. ಆದರೂ ಪೂಜೆಗೆ ನಾಲ್ಕು ಜನ ಬೇಕಲ್ಲ. ಸೈಟ್ ವಿಸಿಟ್ ಅಂತ ಹೆಸರಿಟ್ಟು ಕಾಲೇಜಿನ ವ್ಯಾನಿನಲ್ಲೇ ಇಡೀ ಕ್ಲಾಸನ್ನು ತುಂಬಿಕೊಂಡು ಬಂದಿದ್ದರು.

ಉತ್ತರಕ್ಕೂ ಕಾಯದೆ ಮೇಷ್ಟ್ರು ತಾವೇ ಕೈ ಮುಂದಕ್ಕೆ ಚಾಚಿದರು. "ಈ ತುದೀಗೆ ಒಂದು ಬಿಂದಿಗೆ ತಗಲಿಸಿದ್ರೆ ಎಳೆತ ಎಲ್ಲಿ? ತೋಳಿನ ಮೇಲ್ಗಡೆ! ಗೋಡೆಯಿಂದ ಆಚೆ ಚಾಚಿದ ಬಾಲ್ಕನಿನೂ ಹಂಗೇ. ಕಂಬಿ ಮೇಲಿದ್ರೆ ಹಿಡ್ಕೊಳ್ಳುತ್ತೆ. ಕೆಳಗೆ ಹೋಯ್ತೋ, ಬಾಲ್ಕನಿ ನಿಮ್ಮ ತಲೆ ಮೇಲೆ." ಪಾಠ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಅದನ್ನವರು ಹೇಳುತ್ತಿದ್ದದ್ದು ಅದೇ ಕಂಬಿಗಳ ಮೇಲೆ ನಿಂತುಕೊಂಡು. ಕದರಯ್ಯ ಮೇಸ್ತ್ರಿ ಹಿಂದಿನ ದಿನವೆಲ್ಲ ಕೂತು, ತುಂಡು ಕಂಬಿ ಬಗ್ಗಿಸಿ ಕಾಲು ಮಾಡಿ, ಅವನ್ನು ಕಾಂಕ್ರೀಟಿಗೆಂದು ಹಾಸಿದ್ದ ಹಲಗೆಯಿಂದ ನಾಲ್ಕು ಬೆರಳು ಮೇಲಕ್ಕೆ ಎತ್ತಿ ಕಟ್ಟಿದ್ದ. ಕಾಯಿ ಒಡೆಯುವಾಗ ಫೋಟೋ ಚೆನ್ನಾಗಿ ಬರಲಿ ಎಂದು ಮೇಷ್ಟ್ರು ಅರ್ಧ ಕ್ಲಾಸನ್ನೂ ತಮ್ಮ ಜೊತೆ ಅಲ್ಲಿಗೇ ಹತ್ತಿಸಿದ್ದರು. ಕಾಲುಗಳು ಒಂದೊಂದಾಗಿ ವಾಲಿ, ಕಂಬಿಯೆಲ್ಲ ಹಲಗೆ ಮೇಲೆ ಮಲಗಿತ್ತು.

"ಸಾ, ಒಸಿ ಇತ್ಲಾಗೆ ಬನ್ನಿ ಸಾ. ಕಂಬಿ ಕುಂತೋಗವೆ. ಅರ್ಧ ಗಂಟೆ ಕೊಡಿ, ಎತ್ತಿ ಕಟ್ಬುಡ್ತೀನಿ," ಎಂದ ಕದರಯ್ಯ.

"ನಂಗೇ ಕಂಬಿ ಪಾಠ ಹೇಳ್ತೀಯೇನಯ್ಯಾ? ಇವತ್ತು ಶುಕ್ರವಾರ. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಈಶಾನ್ಯದಲ್ಲಿ ಮೊದಲ ಬಾಂಡ್ಲಿ ಬೀಳ್ಬೇಕು." ಈಶಾನ್ಯವೆಂದರೆ ಆ ಬಾಲ್ಕನಿಯೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಮೇಷ್ಟ್ರ ಕಣ್ಣು ಅಂಚಿನಲ್ಲಿ ನಿಂತಿದ್ದ ಕೋಮಲಾಳ ಮೇಲೆ ಬಿತ್ತು. ನಿಟ್ಟೂರಿನ ಹುಡುಗಿ, ಇವರ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದವಳು. ಈ ಸಲ ಇಂಟರ್ನಲ್ ಮಾರ್ಕ್ಸ್ ಕೈಕೊಟ್ಟರೆ ಒಂದು ವರ್ಷವೇ ಹೋಗುತ್ತಿತ್ತು. "ನೀನು ಹೇಳಮ್ಮಾ ತಾಯಿ. ಈ ಬಾಲ್ಕನಿಯಲ್ಲಿ ಕಂಬಿ ಎಲ್ಲಿದೆ?"

ಕೋಮಲಾ ಬಗ್ಗಿ ನೋಡಿದಳು. "ಕೆಳಗಿದೆ ಸಾರ್."

ಎಲ್ಲರೂ ಗೊಳ್ಳೆಂದು ನಕ್ಕರು. "ಕೆಳಗಂತೆ! ಇಷ್ಟೊತ್ತು ಯಾರಿಗೆ ಕಥೆ ಹೇಳ್ದೆ ನಾನು? ಇಂಥೋರು ಮನೆ ಕಟ್ಟಿಸಿದ್ರೆ ಜನ ಬಯಲಲ್ಲೇ ಮಲಗೋದು ಕ್ಷೇಮ. ಇಂಟರ್ನಲ್ಸ್‌ಗೆ ಸೊನ್ನೆ ಹಾಕ್ಲಾ, ಇನ್ನೊಂದ್ಸಲ ಹೇಳ್ತೀಯಾ?"

ಕದರಯ್ಯ ಅವಳನ್ನೇ ನೋಡುತ್ತಿದ್ದ. ಓದಿದವಳೊಬ್ಬಳಾದರೂ ಕಂಡದ್ದನ್ನು ಹೇಳಿದಳಲ್ಲ ಎಂಬ ಆಸೆ ಆ ಮುಖದಲ್ಲಿತ್ತು. ಕೋಮಲಾ ತಲೆ ತಗ್ಗಿಸಿದಳು. "ಮೇಲಿದೆ ಸಾರ್."

"ಹಂಗೆ ಬಾ ದಾರಿಗೆ!" ಮಿಕ್ಸರ್ ಗುಡುಗಿತು, ಮೊದಲ ಬಾಂಡ್ಲಿ ಕಾಂಕ್ರೀಟು ಮಲಗಿದ್ದ ಕಂಬಿಯನ್ನು ಮುಚ್ಚಿತು. ವ್ಯಾನಿನಲ್ಲಿ ವಾಪಸ್ಸು ಬರುವಾಗ ಕೋಮಲಾಳಿಗೆ ತನ್ನ ಮೇಲೆ ತನಗೇ ಅಸಹ್ಯವಾಗಿತ್ತು.

ಮೂರು ತಿಂಗಳಿಗೆ ಗೃಹಪ್ರವೇಶ. ಕ್ಲಾಸಿಗೆಲ್ಲ ಊಟದ ಕರೆ. ಬಾಲ್ಕನಿಯ ತುದಿಗೆ, ಪ್ಲಾನಿನಲ್ಲಿ ಇಲ್ಲದ ಎರಡು ದಪ್ಪ ಕಂಬ ಬಂದು ನಿಂತಿದ್ದವು. ಮೇಸ್ತ್ರಿಗೆ ಕೊಡುವ ಪಂಚೆಗಾಗಿ ಕಾದು ಕದರಯ್ಯ ಮೆಟ್ಟಿಲ ಮೇಲೆ ಕೂತಿದ್ದ. "ಸೆಂಟ್ರಿಂಗ್ ಹಲಗೆ ಬಿಚ್ತಿದ್ದಂಗೇ ಬಿರುಕು ಬುಡ್ತು ಕಣವ್ವಾ, ತುದಿ ಎಲ್ಡು ಬೆಳ್ಳು ಇಳೀತು," ಎಂದ. "ಕಂಬಿ ಕಟ್ಟಕ್ಕೆ ಬರಾಕಿಲ್ಲ ನಂಗೆ ಅಂತ ಊರೆಲ್ಲ ಸಾರವ್ರೆ. ಎಲ್ಡು ಮನೆ ಕೆಲ್ಸ ಕೈಬಿಟ್ಟೋಯ್ತು."

ಒಳಗೆ ಹಾಲ್‌ನಲ್ಲಿ ಮೇಷ್ಟ್ರು ನೆಂಟರ ಮುಂದೆ ಅದೇ ಸಾರುತ್ತಿದ್ದರು. "ಈ ಮೇಸ್ತ್ರಿಗಳಿಗೆ ಬಡ್ಕೊಂಡು ಹೇಳಿದ್ರೂ ಅಷ್ಟೇ. ಕಂಬಿ ಕೆಳಗಿಟ್ಟು ಕೂತ. ಅವತ್ತು ನಾನೆಷ್ಟು ಹೇಳ್ದೆ ಅಂತ ಈ ಹುಡುಗೀನೇ ಕೇಳಿ. ಹೇಳಮ್ಮಾ ಕೋಮಲಾ, ಹೆದರ್ಕೋಬೇಡ. ನಿಮ್ಮ ಇಂಟರ್ನಲ್ಸ್ ಸೋಮವಾರ ಕಳಿಸ್ತಿದೀನಿ."

ಕೋಮಲಾ ಬಾಗಿಲ ಕಡೆ ನೋಡಿದಳು. ಕದರಯ್ಯ ಹೊಸಿಲಾಚೆ ಎದ್ದು ನಿಂತಿದ್ದ. ಗೋಡೆಯ ಮೇಲೆ, ಗಾಜು ಹಾಕಿಸಿದ ದೊಡ್ಡ ಫೋಟೋದಲ್ಲಿ, ಮೇಷ್ಟ್ರು ನಗುತ್ತಾ ಕಾಯಿ ಒಡೆಯುತ್ತಿದ್ದರು. ಅವಳು ಅದಕ್ಕೇ ಬೆರಳು ತೋರಿಸಿದಳು.

"ಕಂಬಿ ಕೆಳಗಿತ್ತು ಸಾರ್. ಮೇಲೆ ನೀವಿದ್ರಿ."